ತೊನ್ನು, ಸಿಬ್ಬು, ಕುಷ್ಠ: ಒಂದು ಗೊಂದಲದ ಇತಿಹಾಸ

ಕಳೆದ ವರ್ಷ ಮಾಘಮಾಸದಲ್ಲಿ ನಮ್ಮ ಅಣ್ಣನ ಮಗಳನ್ನು ನೋಡಲು ಪುಣೆಯಿಂದ ಗಂಡಿನ ಕಡೆಯವರು ಮುಂಬಯಿಗೆ ಬಂದಿದ್ದರು. ಶಿರಾ, ಅವಲಕ್ಕಿ, ಚಹಾ ಎಲ್ಲ ಮುಗಿದು ಮಾತು ಮುಹೂರ್ತದ ಹತ್ತಿರ ಬಂದಾಗ, ಅವರಲ್ಲಿಯ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು ಹೇಳಿದರು:

"ಕೇಳಬಾರದು, ಆದರೂ ಕೇಳ್ತೀನ್ರಿ. ನಿಮ್ಮ ಮನೆತನದಾಗ ಕುಷ್ಠ ಅದ ಅಂತ ಯಾರೋ ಹೇಳಿದ್ರು. ಅಕ್ಕಾವರ ಕೈ ನೋಡಿದ ಮ್ಯಾಲೆ ಖರೇ ಅನಸ್ತದ."

ಚಹದ ತಟ್ಟೆ ಹಿಡಿದು ನಿಂತಿದ್ದ ನಮ್ಮ ವೈನಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಅವರ ಬೆರಳ ತುದಿಗಳಲ್ಲೂ ತುಟಿಯಲ್ಲೂ ಹದಿನೈದು ವರ್ಷಗಳಿಂದ ಬಿಳಿಯ ಕಲೆಗಳಿವೆ.

"ಅದು ಕುಷ್ಠ ಅಲ್ರಿ, ತೊನ್ನು" ಎಂದರು ಅಣ್ಣ.

"ತೊನ್ನು ಅಂದ್ರ ಬಿಳಿ ಕುಷ್ಠನ ಅಲ್ಲೇನ್ರಿ? ಮತ್ತ ನಿಮ್ಮ ದೊಡ್ಡಪ್ಪಗ ಬೆರಳ ಇದ್ದಿದ್ದಿಲ್ಲಂತ?"

"ಅವು ಹತ್ತಿ ಜಿನ್ನಿನ ಯಂತ್ರದಾಗ ಸಿಕ್ಕು ಹೋದವ್ರಿ."

ನಾವು ಪಕ್ಕದಲ್ಲೇ ಕುಳಿತಿದ್ದೆವು, ಮಾತಾಡಲಿಲ್ಲ. ಯಂತ್ರದ ಕಥೆ ಸುಳ್ಳೆಂದು ನಮಗೂ ಗೊತ್ತು, ಅಣ್ಣನಿಗೂ ಗೊತ್ತು. ಬಂದವರು ನಮಸ್ಕಾರ ಹೇಳಿ ಹೋದರು. ಸಂಬಂಧ ಅಲ್ಲಿಗೇ ನಿಂತಿತು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆ ಹಿರಿಯರ ಪ್ರಶ್ನೆಯಲ್ಲಿ ಒಂದು ಸತ್ಯವಿತ್ತು, ಎರಡು ತಪ್ಪುಗಳಿದ್ದವು. ನಮ್ಮ ದೊಡ್ಡಪ್ಪನಿಗೆ ಕುಷ್ಠವಿದ್ದದ್ದು ಸತ್ಯ. ವೈನಿಯ ಕಲೆ ಅದೇ ರೋಗವೆಂದದ್ದು ಒಂದು ತಪ್ಪು. ಮೇಲಾಗಿ, ವೈನಿ ನಮ್ಮ ಮನೆಗೆ ಸೊಸೆಯಾಗಿ ಬಂದವರು, ದೊಡ್ಡಪ್ಪನ ರಕ್ತಸಂಬಂಧದವರಲ್ಲ. ಕುಷ್ಠವು ವಂಶದಲ್ಲಿ ಇಳಿದು ಬರುತ್ತದೆಂದು ನಂಬಿದ್ದು ಇನ್ನೊಂದು ತಪ್ಪು. ಈ ತಪ್ಪುಗಳು ಎಲ್ಲಿಂದ ಬಂದವು? ನಾವು ವೈದ್ಯರಲ್ಲ, ಕೇಂದ್ರ ಸರಕಾರದ ಕಚೇರಿಯೊಂದರ ಗುಮಾಸ್ತರು. ಒಂದು ಕಾಲಕ್ಕೆ ಬಿ.ಎಸ್ಸಿ. ಮಾಡಿದ್ದೇ ನಮ್ಮ ಬಂಡವಾಳ. ಆದರೂ ಹಳೆಯ ಕಡತದಲ್ಲಿ ತಪ್ಪು ಯಾವ ಪುಟದಲ್ಲಿ ನುಸುಳಿತೆಂದು ಹುಡುಕುವುದು ನಮ್ಮ ನಿತ್ಯದ ಕಸುಬು. ಅದೇ ರೀತಿ ಈ ಕಡತವನ್ನೂ ಬಿಚ್ಚಿ ನೋಡಿದೆವು. ಕಂಡದ್ದನ್ನು ವಾಚಕರ ಮುಂದಿಡುತ್ತೇವೆ.

ಒಂದೇ ಹೆಸರಿನ ಹದಿನೆಂಟು ರೋಗಗಳು

ಮೈಮೇಲಿನ ಬಿಳಿಯ ಕಲೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಅಥರ್ವವೇದದ ಮೊದಲನೆಯ ಕಾಂಡದಲ್ಲಿ ಅದನ್ನು 'ಕಿಲಾಸ' ಎಂದು ಕರೆದು, ಕಪ್ಪು ಬಣ್ಣದ ಮೂಲಿಕೆಯನ್ನು ಕುರಿತು, ಈ ಕಲೆಗೆ ಬಣ್ಣ ಕೊಡೆಂದು ಬೇಡುವ ಸೂಕ್ತಗಳಿವೆ.

ಮುಂದೆ ಚರಕ, ಸುಶ್ರುತರ ಕಾಲಕ್ಕೆ 'ಕುಷ್ಠ' ಎಂಬುದು ಒಂದು ರೋಗದ ಹೆಸರಾಗಿರಲಿಲ್ಲ. ಅದೊಂದು ದೊಡ್ಡ ಚೀಲ. ಮಹಾಕುಷ್ಠಗಳು ಏಳು, ಕ್ಷುದ್ರಕುಷ್ಠಗಳು ಹನ್ನೊಂದು, ಒಟ್ಟು ಹದಿನೆಂಟು ಚರ್ಮರೋಗಗಳನ್ನು ಆ ಚೀಲದಲ್ಲಿ ಹಾಕಿದ್ದರು. ನಾವು ಗಜಕರ್ಣವೆನ್ನುವ ದದ್ರುವೂ ಅದರಲ್ಲಿದೆ, 'ಸಿಧ್ಮ'ವೂ ಇದೆ. ಶ್ವಿತ್ರ ಅಥವಾ ಕಿಲಾಸವನ್ನು, ಅಂದರೆ ನಮ್ಮ ತೊನ್ನನ್ನು, ಆ ಹದಿನೆಂಟರ ಪಟ್ಟಿಯಲ್ಲಿ ಸೇರಿಸದಿದ್ದರೂ ಅದೇ ಅಧ್ಯಾಯದ ಕೊನೆಗೆ ಹೇಳಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸುಶ್ರುತನು ಎರಡರ ವ್ಯತ್ಯಾಸವನ್ನು ಸ್ಪಷ್ಟವಾಗಿಯೇ ಬರೆದಿಟ್ಟಿದ್ದಾನೆ: ಕಿಲಾಸವು ಚರ್ಮದಲ್ಲಿ ಮಾತ್ರ ಇರುತ್ತದೆ, ಅದು ಕೀವು ನೀರು ಸುರಿಸುವುದಿಲ್ಲ. ಕುಷ್ಠದ ಮುನ್ಸೂಚನೆಗಳಲ್ಲಿ ಚರ್ಮ ಜೋಮು ಹಿಡಿಯುವುದನ್ನು, ಸ್ಪರ್ಶ ತಿಳಿಯದಿರುವುದನ್ನು ಪ್ರಾಚೀನರು ಹೇಳಿದ್ದಾರೆ. ಬೀಗದ ಕೈ ಪುಸ್ತಕದಲ್ಲೇ ಇತ್ತು. ಆದರೆ ಜನ ಪುಸ್ತಕ ಓದುವುದಿಲ್ಲ, ಹೆಸರನ್ನು ಕೇಳುತ್ತಾರೆ. ಶ್ವಿತ್ರವು 'ಶ್ವೇತಕುಷ್ಠ'ವಾಯಿತು, ಕನ್ನಡದಲ್ಲಿ 'ಬಿಳಿ ಕುಷ್ಠ'ವಾಯಿತು. ಹಾಗೆ ಹೆಸರಿಟ್ಟ ಮೇಲೆ ನೆರೆಯವರು ತಂಬಿಗೆ ಬೇರೆ ಇಟ್ಟರೆ ಆಶ್ಚರ್ಯವೇನು?

ಹೊರನಾಡಿನಲ್ಲಿರುವ ನಮಗೆ ಈ ಹೆಸರಿನ ಗೊಂದಲ ಇಮ್ಮಡಿ. ದಿಲ್ಲಿಯ ಹಿಂದಿಯವರು 'ಕೋಢ್' ಎಂದರೆ ಕುಷ್ಠ. ಮುಂಬಯಿ ಪುಣೆಯ ಮರಾಠಿಯವರು 'ಕೋಡ' ಎಂದರೆ ತೊನ್ನು, ಕುಷ್ಠಕ್ಕೆ ಅವರು 'ಮಹಾರೋಗ' ಎನ್ನುತ್ತಾರೆ. ಒಂದೇ ಶಬ್ದ ರೈಲಿನಲ್ಲಿ ಒಂದು ರಾತ್ರಿ ಪ್ರಯಾಣ ಮಾಡುವಷ್ಟರಲ್ಲಿ ರೋಗವನ್ನೇ ಬದಲಿಸುತ್ತದೆ! ತಮಿಳರಲ್ಲಿಯೂ ತೊನ್ನಿಗೆ 'ವೆಣ್ ಕುಷ್ಠಂ' ಎಂಬ ಹೆಸರೇ ಇತ್ತು. ಅದರ ಬದಲು ಬಿಳಿ ಚುಕ್ಕೆ ಎಂಬರ್ಥದ 'ವೆಣ್ ಪುಳ್ಳಿ' ಎಂಬ ಹೆಸರನ್ನು ಈಚೆಗೆ ಬಳಕೆಗೆ ತಂದಿದ್ದಾರೆ. ಅನುಕರಿಸತಕ್ಕ ಕೆಲಸ.

ಅನುವಾದಕರು ಮಾಡಿದ ಅನಾಹುತ

ಈ ತಪ್ಪು ನಮ್ಮದೊಂದೇ ದೇಶದ್ದೆಂದು ತಿಳಿಯಬಾರದು. ಯೆಹೂದ್ಯರ ಧರ್ಮಗ್ರಂಥದ ಲೇವಿಯ ಕಾಂಡದಲ್ಲಿ 'ಝಾರಾಆತ್' ಎಂಬ ಕಲೆಯ ವಿಚಾರವಿದೆ. ಅದು ಮನುಷ್ಯರ ಚರ್ಮಕ್ಕಷ್ಟೇ ಅಲ್ಲ, ಬಟ್ಟೆಗೂ ಮನೆಯ ಗೋಡೆಗೂ ಬರುತ್ತಿತ್ತಂತೆ! ಪುರೋಹಿತನು ನೋಡಿ, ಏಳು ದಿನ ಬೇರೆ ಇರಿಸಿ, ಮತ್ತೆ ನೋಡಿ ಶುದ್ಧನೋ ಅಶುದ್ಧನೋ ಎಂದು ತೀರ್ಪು ಕೊಡಬೇಕು. ಅದೇ ಅಧ್ಯಾಯದಲ್ಲಿ, ಕೆಲವು ಮಸುಕು ಬಿಳಿ ಕಲೆಗಳು ದೋಷವಿಲ್ಲದವು, ಅಂಥವನು ಶುದ್ಧನೆಂದೂ ಹೇಳಿದೆ. ಅಂತೂ ವ್ಯತ್ಯಾಸ ನೋಡಬೇಕೆಂಬ ಎಚ್ಚರ ಅವರಿಗೂ ಇತ್ತು.

ಕ್ರಿಸ್ತಪೂರ್ವದಲ್ಲಿ ಆ ಗ್ರಂಥವನ್ನು ಗ್ರೀಕಿಗೆ ತಿರುಗಿಸಿದವರು ಝಾರಾಆತ್‌ಗೆ 'ಲೆಪ್ರಾ' ಎಂಬ ಶಬ್ದ ಬಳಸಿದರು. ಗ್ರೀಕರಲ್ಲಿ ಲೆಪ್ರಾ ಎಂದರೆ ಹೊಟ್ಟು ಉದುರುವ ಚರ್ಮರೋಗ. ನಾವು ಇಂದು ಕುಷ್ಠವೆನ್ನುವುದಕ್ಕೆ ಅವರಲ್ಲಿ 'ಎಲಿಫಾಂಟಿಯಾಸಿಸ್' ಎಂಬ ಬೇರೆ ಹೆಸರೇ ಇತ್ತು. ಅರಬ್ಬಿ ವೈದ್ಯರು ಕುಷ್ಠಕ್ಕೆ 'ಜುಧಾಮ್' ಎಂದೂ ಬಿಳಿ ಕಲೆಗೆ 'ಬರಸ್' ಎಂದೂ ಎರಡು ಹೆಸರಿಟ್ಟಿದ್ದರು. ಅವರ ಗ್ರಂಥಗಳು ಮಧ್ಯಯುಗದಲ್ಲಿ ಲ್ಯಾಟಿನ್ನಿಗೆ ಹೋಗುವಾಗ ಜುಧಾಮ್ ಕೂಡ ಲೆಪ್ರಾ ಆಯಿತು. ಹೀಗೆ ಅಶುದ್ಧಿಯ ಕಳಂಕ, ಹೊಟ್ಟು ಉದುರುವ ಇಸಬು, ನಿಜವಾದ ಕುಷ್ಠ ಎಲ್ಲವೂ ಒಂದೇ ಶಬ್ದದೊಳಗೆ ಸೇರಿಕೊಂಡವು. ಯುರೋಪಿನ ಕುಷ್ಠಾಶ್ರಮಗಳಲ್ಲಿ ಎಷ್ಟು ಜನ ಬರಿಯ ಹೊಟ್ಟು ಉದುರುವವರೂ ತೊನ್ನಿನವರೂ ಜೀವ ಸವೆಸಿದರೋ ದೇವರೇ ಬಲ್ಲ.

ಗಂಟು ಬಿಡಿಸುವ ಕೆಲಸ ನಿಧಾನವಾಗಿ ನಡೆಯಿತು. 1687ರಲ್ಲಿ ಇಟಲಿಯ ಬೊನೋಮೊ ಎಂಬಾತ ಸೂಕ್ಷ್ಮದರ್ಶಕದಲ್ಲಿ ನೋಡಿ, ತುರಿಕಜ್ಜಿಗೆ ಚರ್ಮ ಕೊರೆಯುವ ಸಣ್ಣ ನುಸಿಯೇ ಕಾರಣವೆಂದು ಬರೆದನು. 1800ರ ಆಸುಪಾಸಿಗೆ ಲಂಡನ್ನಿನ ರಾಬರ್ಟ್ ವಿಲನ್, ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ರೂಪದ ಮೇಲೆ ವಿಂಗಡಿಸಿದನು. ಆತನೂ ಸೋರಿಯಾಸಿಸ್ಸಿನ ಒಂದು ಬಗೆಗೆ ಲೆಪ್ರಾ ಎಂದೇ ಹೆಸರಿಟ್ಟನು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಸೋರಿಯಾಸಿಸ್ಸಿನಿಂದ ಆ ಹೆಸರನ್ನು ಕಿತ್ತುಹಾಕಿ, ಅದು ಬೇರೆ, ಕುಷ್ಠ ಬೇರೆ ಎಂದು ಖಚಿತಪಡಿಸಿದನು. ಒಂದು ತಪ್ಪು ಅನುವಾದವನ್ನು ತಿದ್ದಲು ಎರಡು ಸಾವಿರ ವರ್ಷ ಹಿಡಿಯಿತು! ಕಚೇರಿಯ ಕಡತ ತಡವಾಗುತ್ತದೆಂದು ನಮ್ಮನ್ನು ಬೈಯುವವರು ಇದನ್ನು ಗಮನಿಸಬೇಕು.

ವಂಶವೋ, ಸೋಂಕೋ?

ಇನ್ನು ವಂಶದ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಬರ್ಗೆನ್ ನಗರ ಕುಷ್ಠದ ಅಧ್ಯಯನಕ್ಕೆ ಹೆಸರಾಗಿತ್ತು. ಅಲ್ಲಿಯ ಡೇನಿಯಲ್ಸನ್ ಎಂಬ ವೈದ್ಯನು ಬೋಕ್‌ನೊಂದಿಗೆ 1847ರಲ್ಲಿ ಕುಷ್ಠದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದನು. ರೋಗ ಒಂದೇ ಮನೆಯ ಹಲವರಲ್ಲಿ ಕಾಣುತ್ತದೆ, ಆದ್ದರಿಂದ ಅದು ವಂಶಪಾರಂಪರ್ಯ ಎಂಬುದು ಆತನ ಮತ. ನಮ್ಮ ಪುಣೆಯ ಹಿರಿಯರ ತರ್ಕವೂ ಅದೇ ಅಲ್ಲವೆ?

ಆ ಮತವನ್ನು ಮುರಿದವನು ಆತನ ಸ್ವಂತ ಅಳಿಯ, ಗೆರಾರ್ಡ್ ಅರ್ಮೌರ್ ಹ್ಯಾನ್ಸನ್. 1873ರಲ್ಲಿ ರೋಗಿಗಳ ಗಂಟುಗಳಿಂದ ತೆಗೆದ ದ್ರವದಲ್ಲಿ ಸಣ್ಣ ಕಡ್ಡಿಯಂಥ ಜೀವಾಣುಗಳನ್ನು ಆತ ಕಂಡನು. ಮನುಷ್ಯನ ಕಾಯಿಲೆಗೆ ಇಂಥದೇ ಜೀವಾಣು ಕಾರಣವೆಂದು ತೋರಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಸಾಬೀತು ಮಾಡುವ ಆತುರದಲ್ಲಿ ಒಬ್ಬ ರೋಗಿ ಹೆಂಗಸಿನ ಕಣ್ಣಿಗೆ, ಅವಳ ಒಪ್ಪಿಗೆಯಿಲ್ಲದೆ, ರೋಗದ ದ್ರವ್ಯವನ್ನು ಚುಚ್ಚಿದನು. 1880ರಲ್ಲಿ ನ್ಯಾಯಾಲಯ ಆತನ ಆಸ್ಪತ್ರೆಯ ಹುದ್ದೆಯನ್ನು ಕಿತ್ತುಕೊಂಡಿತು. ಆ ಹೆಂಗಸಿನ ಪರವಾಗಿ ತೀರ್ಪು ಬಂದದ್ದು ನಾರ್ವೆಗೆ ಭೂಷಣ.

ಈ ಜೀವಾಣು ಬಹಳ ಸೋಮಾರಿ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಸೋಂಕು ತಗಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಆಗಬಹುದು. ಅದೂ ಅಲ್ಲದೆ ಬಹುಪಾಲು ಜನರ ಮೈ ಅದನ್ನು ತಾನಾಗಿಯೇ ಸೋಲಿಸುತ್ತದೆ. ಚಿಕಿತ್ಸೆಯಿಲ್ಲದ ರೋಗಿಯೊಡನೆ ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದವರಿಗೆ ಅಂಟುವುದು ಹೆಚ್ಚು. ಅದಕ್ಕೇ ಮನೆಯವರಲ್ಲಿ ಕಾಣುತ್ತದೆ. ನೋಡಿದವರು ವಂಶವೆಂದರು, ಕಾರಣ ಸೂರು.

ತೊನ್ನಿನ ವಿಷಯ ಇದಕ್ಕೆ ತಿರುಗುಮುರುಗು. ಅದು ಯಾರಿಗೂ ಅಂಟುವುದಿಲ್ಲ; ಬಣ್ಣ ಕೊಡುವ ಚರ್ಮದ ಕೋಶಗಳನ್ನು ಮೈಯ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನಾಶಮಾಡುವುದರಿಂದ ಬರುತ್ತದೆ. ಕೆಲವು ಕುಟುಂಬಗಳಲ್ಲಿ ಅದರ ಒಲವು ಇರುವುದುಂಟು. ಆದರೆ ತೊನ್ನಿರುವವರ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ. ಅಂತೂ ಅಂಟುವ ರೋಗವನ್ನು ವಂಶದ್ದೆಂದೆವು, ಅಂಟದ ಕಲೆಯನ್ನು ಅಂಟುತ್ತದೆಂದೆವು. ಎರಡೂ ಕಡೆ ನಮ್ಮ ಲೆಕ್ಕ ತಪ್ಪಿತು.

ಬಾವಂಚಿ ಮತ್ತು ಗರುಡಫಲ

ಔಷಧಗಳ ಕಥೆಯಲ್ಲಿ ನಮ್ಮ ನಾಡಿನ ಗಿಡಗಳೂ ಬರುತ್ತವೆ. ತೊನ್ನಿಗೆ ನಮ್ಮ ವೈದ್ಯರು ಬಾವಂಚಿ ಬೀಜವನ್ನು ಕೊಟ್ಟು ಬಿಸಿಲಿಗೆ ಕೂರಿಸುತ್ತಿದ್ದರು. ಮರಾಠಿಯವರು ಇದನ್ನೇ ಬಾವಚಿ ಎನ್ನುತ್ತಾರೆ. 1933ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ರಸಾಯನಶಾಸ್ತ್ರಜ್ಞರು ಈ ಬೀಜದಿಂದ ಸೋರಲೆನ್ ಎಂಬ ದ್ರವ್ಯವನ್ನು ಬೇರ್ಪಡಿಸಿ ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1940ರ ದಶಕದಲ್ಲಿ ಈಜಿಪ್ಟಿನ ಎಲ್ ಮೋಫ್ತಿ, ನೈಲ್ ತೀರದ ಇನ್ನೊಂದು ಗಿಡದ ಅದೇ ಜಾತಿಯ ದ್ರವ್ಯವನ್ನು ತೊನ್ನಿಗೆ ಪ್ರಯೋಗಿಸಿದನು. ಈ ದ್ರವ್ಯ ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಮಾತ್ರ ಕೆಲಸ ಮಾಡುತ್ತದೆ. ಅಂದರೆ ಬಿಸಿಲಿಗೆ ಕೂರಿಸಿದ ಹಳಬರು ಕಾರಣ ತಿಳಿಯದೆಯೂ ಸರಿಯಾದದ್ದನ್ನೇ ಮಾಡಿದ್ದರು. ಆದರೆ ಮನೆಯಲ್ಲೇ ಬಾವಂಚಿ ಎಣ್ಣೆ ಹಚ್ಚಿಕೊಂಡು ಬಾಲ್ಕನಿಯಲ್ಲಿ ಕುಳಿತರೆ ಸುಟ್ಟ ಬೊಬ್ಬೆ ಏಳುತ್ತದೆ. ವೈದ್ಯರ ಅಳತೆ ಇಲ್ಲದೆ ಅದನ್ನು ಮುಟ್ಟಬಾರದು.

ಕುಷ್ಠಕ್ಕೆ ಇದ್ದದ್ದು ಚಾಲಮುಗ್ರದ ಎಣ್ಣೆ. ಆ ಜಾತಿಯ ಮರವೊಂದು ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಬೆಳೆಯುತ್ತದೆ. ಕನ್ನಡದಲ್ಲಿ ಅದಕ್ಕೆ ಗರುಡಫಲ ಎಂದು ಹೆಸರು. ಕುಡಿದರೆ ವಾಂತಿ, ಚುಚ್ಚಿದರೆ ಪ್ರಾಣಹಿಂಡುವ ನೋವು, ಗುಣ ಅಷ್ಟಕ್ಕಷ್ಟೆ. 1941ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಗೈ ಫ್ಯಾಜೆಟ್ ಸಲ್ಫೋನ್ ಔಷಧವನ್ನು ಪ್ರಯೋಗಿಸಿದ ಮೇಲೆ ನಿಜವಾದ ಚಿಕಿತ್ಸೆ ಆರಂಭವಾಯಿತು. ಅದರಿಂದ ಡ್ಯಾಪ್ಸೋನ್ ಗುಳಿಗೆ ಬಂದಿತು. ಜೀವಾಣುಗಳು ಅದಕ್ಕೆ ಜಗ್ಗದಾದಾಗ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಒಟ್ಟಿಗೆ ಕೊಡಬೇಕೆಂದಿತು. ಅದೇ ಇಂದಿನ ಬಹುಔಷಧ ಚಿಕಿತ್ಸೆ. ಆರು ಅಥವಾ ಹನ್ನೆರಡು ತಿಂಗಳು, ಸರಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ.

ಕಾಯಿದೆಯ ಪುಟಗಳು

ಮುಂಬಯಿಯವರಾದ ನಾವು ವಡಾಲಾದ ಆಕ್ವರ್ಥ್ ಆಸ್ಪತ್ರೆಯ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇವೆ. ನಗರಪಾಲಿಕೆಯ ಆಯುಕ್ತನಾಗಿದ್ದ ಆಕ್ವರ್ಥನ ಪ್ರಯತ್ನದಿಂದ 1890ರಲ್ಲಿ ನೆಲೆಯಿಲ್ಲದ ಕುಷ್ಠರೋಗಿಗಳಿಗಾಗಿ ಅದು ಆರಂಭವಾಯಿತು. 1898ರಲ್ಲಿ ಭಾರತ ಸರಕಾರ ಕುಷ್ಠರೋಗಿಗಳ ಕಾಯಿದೆ ಮಾಡಿ, ಗತಿಯಿಲ್ಲದ ರೋಗಿಗಳನ್ನು ಹಿಡಿದು ಆಶ್ರಮಕ್ಕೆ ಕಳಿಸುವ ಅಧಿಕಾರ ಕೊಟ್ಟಿತು. ಅದರ ವ್ಯಾಖ್ಯೆಯಂತೆ ಹುಣ್ಣಾಗಲು ತೊಡಗಿದವನು ಮಾತ್ರ ಕುಷ್ಠರೋಗಿ. ಅಂದರೆ, ಗುಣಪಡಿಸಲು ಸುಲಭವಾದ ಕಲೆಯ ಹಂತವನ್ನು ಕಾಯಿದೆ ನೋಡಲಿಲ್ಲ. ಕೈಮೀರಿದ ಮೇಲೆ ಹಿಡಿಯಲು ಬಂದಿತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠವೂ ವಿಚ್ಛೇದನಕ್ಕೆ ಕಾರಣವಾಗಿತ್ತು. 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ವಿವಾಹ ಕಾಯಿದೆಯಿಂದ ಆ ಮಾತು ಹೋದದ್ದು 2019ರಲ್ಲಿ. ಔಷಧ ಬಂದು ಮೂವತ್ತೈದು ವರ್ಷವಾದರೂ ಕಾಯಿದೆಗೆ ಸುದ್ದಿ ತಲುಪಿರಲಿಲ್ಲ.

ಹತ್ತು ಸಾವಿರಕ್ಕೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿಯನ್ನು ಭಾರತ 2005ರ ಕೊನೆಗೆ ಮುಟ್ಟಿತು. ಆದರೂ 2022ರಲ್ಲಿ ಒಂದು ಲಕ್ಷಕ್ಕೆ ಮೇಲ್ಪಟ್ಟು ಹೊಸ ರೋಗಿಗಳು ನಮ್ಮ ದೇಶದಲ್ಲಿ ಸಿಕ್ಕರು. ಜಗತ್ತಿನ ಹೊಸ ರೋಗಿಗಳಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಕಲೆಗಳನ್ನು ಬೇರ್ಪಡಿಸಿ ನೋಡುವ ಕೆಲಸ ಮುಗಿದಿಲ್ಲ.

ನಮ್ಮ ಮನೆಯ ಪುಟ

ಈಗ ದೊಡ್ಡಪ್ಪನ ಸಂಗತಿ. ಅವರು ಧಾರವಾಡ ಸೀಮೆಯ ಒಂದು ಹತ್ತಿ ಜಿನ್ನಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಮುಂಗೈ ಮೇಲೆ ಅಂಗೈ ಅಗಲದ ಒಂದು ಮಂಕು ಕಲೆ ಎದ್ದಿತ್ತು. ತುರಿಕೆಯಿಲ್ಲ, ನೋವಿಲ್ಲ. "ಸಿಬ್ಬು, ಹೋಗ್ತದ ಬಿಡು" ಎಂದರು ಮನೆಯವರು. ವೈದ್ಯರೊಬ್ಬರೂ ಮುಲಾಮು ಕೊಟ್ಟು ಕಳಿಸಿದರು. ನೋವಿಲ್ಲದ್ದೇ ಅಪಾಯದ ಗುರುತೆಂದು ಯಾರಿಗೂ ಹೊಳೆಯಲಿಲ್ಲ. ಕಾಲಾಂತರದಲ್ಲಿ ಬಿಸಿ ಚಹದ ಲೋಟ ಹಿಡಿದು ಬೆರಳು ಸುಟ್ಟರೂ ಅವರಿಗೆ ತಿಳಿಯುತ್ತಿರಲಿಲ್ಲ. ಗಾಯಗಳು ಕೊಳೆತು ಬೆರಳುಗಳು ಸವೆದವು. 1989ರಲ್ಲಿ, ನಾವು ಹತ್ತು ವರ್ಷದವರಿದ್ದಾಗ, ಆರೋಗ್ಯ ಇಲಾಖೆಯ ಕಾರ್ಯಕರ್ತರು ಮನೆಮನೆಗೆ ಬಂದು ನೋಡಿ ಗುಳಿಗೆ ಕೊಟ್ಟರು. ಆಗಿನ ನಿಯಮದಂತೆ ಎರಡು ವರ್ಷ ನುಂಗಿದರು. ರೋಗ ಗುಣವಾಯಿತು, ಬೆರಳು ಮರಳಿ ಬರಲಿಲ್ಲ. ಆ ಬಳಿಕ ಹದಿನೈದು ವರ್ಷ ಬದುಕಿದರು. ಮದುವೆ ಮುಂಜಿವೆಗಳಲ್ಲಿ ಮಾತ್ರ ಅವರ ಊಟದ ಎಲೆ ಹಿತ್ತಿಲಲ್ಲೇ ಬೀಳುತ್ತಿತ್ತು. ಬಡಿಸಿದವರಲ್ಲಿ ನಾವೂ ಇದ್ದೆವು.

ಒಂದೇ ಮನೆಯಲ್ಲಿ, ರೋಗವಿದ್ದವರ ಕಲೆಯನ್ನು ಸಿಬ್ಬೆಂದು ಅಲಕ್ಷಿಸಿದೆವು. ರೋಗವಿಲ್ಲದ ವೈನಿಯ ಕಲೆಯನ್ನು ಜಗತ್ತು ಕುಷ್ಠವೆನ್ನುವಾಗ ಸುಮ್ಮನಿದ್ದೆವು.

ತಿಳಿದವರಿಂದ ಕೇಳಿಕೊಂಡ ಗುರುತುಗಳನ್ನು ಇಲ್ಲಿ ಬರೆಯುತ್ತೇವೆ. ತೊನ್ನಿನ ಕಲೆ ಹಾಲು ಬಿಳಿ, ಅಂಚು ಸ್ಪಷ್ಟ, ಅಲ್ಲಿಯ ಕೂದಲೂ ಬೆಳ್ಳಗಾಗಬಹುದು, ಸ್ಪರ್ಶ ಪೂರ್ತಿ ಇರುತ್ತದೆ. ಸಿಬ್ಬು ಕುತ್ತಿಗೆ, ಎದೆ, ಬೆನ್ನಿನ ಮೇಲೆ ಸಣ್ಣ ಸಣ್ಣ ಮಚ್ಚೆಗಳಾಗಿ ಹರಡುತ್ತದೆ, ಉಗುರಿನಿಂದ ಕೆರೆದರೆ ನವಿರು ಹೊಟ್ಟು ಬರುತ್ತದೆ, ಸೆಕೆಯಲ್ಲಿ ಹೆಚ್ಚು. ಗಜಕರ್ಣ ಉಂಗುರದಂತೆ, ಅಂಚಿನಲ್ಲಿ ಕೆಂಪು, ಬಹಳ ತುರಿಕೆ. ಕಜ್ಜಿ ಬೆರಳ ಸಂದಿಗಳಲ್ಲಿ, ರಾತ್ರಿ ತುರಿಕೆ, ಮನೆಮಂದಿಗೆಲ್ಲ ಒಟ್ಟಿಗೆ. ಸೋರಿಯಾಸಿಸ್ ಮೊಣಕೈ, ಮೊಣಕಾಲು, ತಲೆಯಲ್ಲಿ ಬೆಳ್ಳಿಯಂಥ ಹೊಟ್ಟು, ಅಂಟುವುದಿಲ್ಲ. ಮಕ್ಕಳ ಕೆನ್ನೆಯ ಮಸುಕು ಕಲೆ ಹೊಟ್ಟೆಯ ಹುಳುವಿನಿಂದಲ್ಲ. ಬಹುಮಟ್ಟಿಗೆ ಒಣಚರ್ಮದ್ದು, ವಯಸ್ಸಾದಂತೆ ಹೋಗುತ್ತದೆ. ಕುಷ್ಠದ ಕಲೆ ಪೂರಾ ಬಿಳಿಯಾಗುವುದಿಲ್ಲ, ಮಂಕು ಅಥವಾ ತಾಮ್ರಗೆಂಪು, ತುರಿಕೆಯಿಲ್ಲ, ಹತ್ತಿಯ ಎಳೆ ಸವರಿದರೆ ಅನೇಕ ವೇಳೆ ತಿಳಿಯುವುದಿಲ್ಲ. ಮಕ್ಕಳ ಮುಖದ ಮೇಲೆ ಮತ್ತು ಕೆಲವು ಬಗೆಯ ಕುಷ್ಠದಲ್ಲಿ ಸ್ಪರ್ಶ ಉಳಿದಿರುವುದೂ ಉಂಟು. ಆದ್ದರಿಂದ ಕೊನೆಯ ಮಾತು ಚರ್ಮವೈದ್ಯರದೇ ಆಗಬೇಕು. ಮನೆಯಲ್ಲಿ ಒಬ್ಬರಿಗೆ ಕುಷ್ಠವೆಂದು ತಿಳಿದರೆ ಉಳಿದವರೂ ತೋರಿಸಿಕೊಳ್ಳಬೇಕು. ರೋಗ ಬಾರದಂತೆ ಅವರಿಗೆ ಒಂದೇ ಸಲದ ಔಷಧ ಕೊಡಬಹುದೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ.

ಇಷ್ಟನ್ನು ತಿಳಿದುಕೊಂಡ ಮೇಲೆ ನಾವು ಪುಣೆಯ ಹಿರಿಯರಿಗೆ ಪತ್ರ ಬರೆದೆವು. ಯಂತ್ರದ ಮಾತು ಸುಳ್ಳು, ದೊಡ್ಡಪ್ಪನಿಗೆ ಕುಷ್ಠವಿತ್ತು, ಗುಣವಾಗಿತ್ತು. ನಮ್ಮ ವೈನಿಗೆ ಇರುವುದು ತೊನ್ನು, ಎರಡಕ್ಕೂ ಸಂಬಂಧವಿಲ್ಲ. ಸಂಬಂಧ ಬೆಳೆಸಲೆಂದು ಬರೆಯುತ್ತಿಲ್ಲ, ಸುಳ್ಳು ಉಳಿಯಬಾರದೆಂದು ಬರೆಯುತ್ತಿದ್ದೇವೆ ಎಂದೆವು. ಅಣ್ಣನಿಗೆ ಇದು ಅಷ್ಟು ಹಿಡಿಸಲಿಲ್ಲ. ಅಣ್ಣನ ಮಗಳು ಮಾತ್ರ "ಛಲೋ ಆತು ಕಾಕಾ, ಇನ್ನ ಮುಂದ ಕೇಳಿದವ್ರಿಗೆಲ್ಲಾ ಖರೇನ ಹೇಳೂಣು" ಎಂದಳು. ಈ ಲೇಖನಕ್ಕೂ ವೈನಿಯ ಒಪ್ಪಿಗೆ ಪಡೆದಿದ್ದೇವೆ.

ಒಂದು ತಿಂಗಳ ಮೇಲೆ ಹಿರಿಯರಿಂದ ಫೋನು ಬಂದಿತು. ಹುಡುಗನಿಗೆ ಬೇರೆ ಕಡೆ ಗೊತ್ತಾಗಿದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು:

"ನಮ್ಮ ತಮ್ಮನ ಬೆನ್ನಮ್ಯಾಲೆ ಒಂದು ಕಲಿ ಅದರಿ. ನಾಕು ವರ್ಷಾತು. ಚಿವುಟಿದ್ರೂ ಗೊತ್ತಾಗೂದಿಲ್ಲಂತ. ಎಲ್ಲಿ ತೋರಸಬೇಕು?"

ಪುಣೆಯ ಸರಕಾರಿ ಆಸ್ಪತ್ರೆಯ ಚರ್ಮವಿಭಾಗಕ್ಕೆ ನಾಳೆಯೇ ಕರೆದುಕೊಂಡು ಹೋಗಿರೆಂದು ಹೇಳಿದೆವು.